ಹಳೆಯ 2500ಕೆಗೆ ಓವರ್‌ಕ್ಲಾಕಿಂಗ್, ಇಲ್ಲವೇ ಹೊಸ ರೈಜನ್ 5600: ಎರಡನ್ನೂ ಬಳಸಿ ನೋಡಿದ ಹೋಲಿಕೆ

ಇಂಟೆಲ್ 2011ರ ಜನವರಿಯಲ್ಲಿ ಬಿಡುಗಡೆ ಮಾಡಿದ ಕೋರ್ ಐ5-2500ಕೆ ಪ್ರೊಸೆಸರ್ ಬಳ್ಳಾರಿಯ ನನ್ನ ಮನೆಯಲ್ಲಿ ಹನ್ನೊಂದು ವರ್ಷ ದುಡಿದಿತ್ತು. ಬಯಲಾಟಗಳನ್ನು ಚಿತ್ರೀಕರಿಸಿ, ಸಂಕಲಿಸಿ, ಹಂಚಿಕೊಳ್ಳಲು ತಕ್ಕ ಗಾತ್ರಕ್ಕೆ ಇಳಿಸುವುದು ನನ್ನ ಹವ್ಯಾಸ. ಒಂದು ಗಂಟೆಯ ವೀಡಿಯೊವನ್ನು ಹಾಗೆ ಇಳಿಸಲು 47 ನಿಮಿಷ ಹಿಡಿಯುತ್ತಿದ್ದುದರಿಂದ, ಇರುವ ಪ್ರೊಸೆಸರಿನ ವೇಗವನ್ನೇ ಹೆಚ್ಚಿಸುವುದೋ ಹೊಸದನ್ನು ಕೊಳ್ಳುವುದೋ ಎಂಬ ಪ್ರಶ್ನೆ ಎದುರಾಯಿತು. ಮೊದಲು ಓವರ್‌ಕ್ಲಾಕಿಂಗ್ ಮಾಡಿ, ಅಂದರೆ ನಿಗದಿತ ವೇಗಕ್ಕಿಂತ ಹೆಚ್ಚಿಗೆ ಓಡಿಸಿ, ಐದಾರು ತಿಂಗಳು ನೋಡಿದೆ, ಆಮೇಲೆ ಬದಲಿಸಿದೆ.

ಈ ಪ್ರೊಸೆಸರಿನ ಮೂಲ ಗಡಿಯಾರ, ಅಂದರೆ ಅದರ ಕೆಲಸಕ್ಕೆ ತಾಳ ಹಾಕುವ ಬಡಿತ, 100 ಮೆಗಾಹರ್ಟ್ಸ್. ಅದನ್ನು ಮಲ್ಟಿಪ್ಲೈಯರ್ 33ರಿಂದ ಗುಣಿಸಿದರೆ ಅದರ ಮೂಲ ವೇಗವಾದ 3.3 ಗಿಗಾಹರ್ಟ್ಸ್ ಬರುತ್ತದೆ. ಹೆಸರಿನ ಕೊನೆಯ ‘ಕೆ’ ಅಕ್ಷರದ ಅರ್ಥ, ಈ ಮಲ್ಟಿಪ್ಲೈಯರನ್ನು ಬಯಾಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗಲೇ ತೆರೆಯಬಹುದಾದ ಮೂಲ ಸೆಟ್ಟಿಂಗ್‌ಗಳಲ್ಲಿ) ನಾವೇ ಏರಿಸಬಹುದು ಎಂದು. ಆದರೆ ಅದಕ್ಕೆ ಪಿ67, ಝಡ್68 ಅಥವಾ ಝಡ್77 ಚಿಪ್‌ಸೆಟ್‌ನ ಮದರ್‌ಬೋರ್ಡ್ ಬೇಕು. ಅಗ್ಗದ ಎಚ್61 ಬೋರ್ಡ್ ಇದ್ದವರಿಗೆ ಈ ಹೋಲಿಕೆಯ ಅರ್ಧ ಭಾಗ ಅನ್ವಯಿಸುವುದೇ ಇಲ್ಲ. ನನ್ನದು ಝಡ್68.

ಪೆಟ್ಟಿಗೆಯೊಡನೆ ಬಂದ ಕೂಲರ್ ಸಾಲದೆಂದು ಸುಮಾರು 3,000 ರೂಪಾಯಿಯ ಗೋಪುರದಂಥ ಕೂಲರೊಂದನ್ನು ತಂದು ಕೂರಿಸಿ, 2022ರ ಡಿಸೆಂಬರಿನಲ್ಲಿ 4.6 ಗಿಗಾಹರ್ಟ್ಸ್‌ಗೆ ಏರಿಸಿದೆ. ಪ್ರೊಸೆಸರನ್ನು ಪೂರ್ತಿ ದುಡಿಸಿ ಪರೀಕ್ಷಿಸುವ ಪ್ರೈಮ್95 ತಂತ್ರಾಂಶ ಒಂದು ಗಂಟೆ ತಡೆಯಿಲ್ಲದೆ ಓಡಿತು, ನಾನೂ ನಿಶ್ಚಿಂತನಾದೆ. ಏಪ್ರಿಲ್ ಬಂದು ಕೋಣೆಯೊಳಗೇ 35 ಡಿಗ್ರಿ ಆದಾಗ ಕಂಪ್ಯೂಟರ್ ಕೆಡಲೂ ಇಲ್ಲ, ನೀಲಿ ಪರದೆ ತೋರಿಸಲೂ ಇಲ್ಲ; ಆದರೆ ಸಿದ್ಧವಾದ ವೀಡಿಯೊದ ನಡುವೆ ವೇಷಧಾರಿಯ ಮುಖ ಚೌಕ ಚೌಕವಾಗಿ ಒಡೆದುಹೋಗಿತ್ತು. ಓವರ್‌ಕ್ಲಾಕಿಂಗ್‌ನಲ್ಲಿ ನಾನು ಅಂಜುವುದು ಪ್ರೊಸೆಸರ್ ಸುಟ್ಟುಹೋಗುವುದಕ್ಕಲ್ಲ, ಹೀಗೆ ಸದ್ದಿಲ್ಲದೆ ತಪ್ಪು ಲೆಕ್ಕ ಮಾಡುವುದಕ್ಕೆ. ಕೊನೆಗೆ 4.4 ಗಿಗಾಹರ್ಟ್ಸ್ ಮತ್ತು 1.32 ವೋಲ್ಟ್‌ಗೆ ಇಳಿಸಿ ನಿಂತೆ.

ಆ ವೇಗದಲ್ಲಿ ಅದೇ ಕೆಲಸ 36 ನಿಮಿಷಕ್ಕೆ ಮುಗಿಯಿತು. ನಾಲ್ಕೂ ಕೋರ್‌ಗಳು (ಪ್ರೊಸೆಸರಿನೊಳಗಿನ ಲೆಕ್ಕ ಮಾಡುವ ಘಟಕಗಳು) ದುಡಿಯುವಾಗ 2500ಕೆ ತಾನಾಗಿಯೇ 3.4ರವರೆಗೆ ಹೋಗುವುದರಿಂದ, ನಿಜವಾದ ಏರಿಕೆ ಶೇ. 29 ಮಾತ್ರ. ಇದಕ್ಕೆ ತೆರಬೇಕಾದ ಬೆಲೆಯಾದರೋ ಅದೇ ಪ್ರಮಾಣದಲ್ಲಿರುವುದಿಲ್ಲ: ಚಿಪ್ಪಿನ ವಿದ್ಯುತ್ ಬಳಕೆ ವೇಗದ ಜೊತೆಗೆ ವೋಲ್ಟೇಜಿನ ವರ್ಗಕ್ಕೂ (ಅದನ್ನು ಅದರಿಂದಲೇ ಗುಣಿಸಿದ ಮೊತ್ತಕ್ಕೂ) ಅನುಗುಣವಾಗಿ ಏರುತ್ತದೆಯಾದ್ದರಿಂದ, 1.2 ವೋಲ್ಟಿನಿಂದ 1.32ಕ್ಕೆ ಹೋದಾಗ ಲೆಕ್ಕದ ಪ್ರಕಾರ ಅದು ಒಂದೂವರೆ ಪಟ್ಟಿಗೂ ಮಿಗಿಲಾಗುತ್ತದೆ. ಫ್ಯಾನಿನ ಸದ್ದು ಪಕ್ಕದ ಕೋಣೆಗೂ ಕೇಳಿಸುತ್ತಿತ್ತು.

2023ರ ಜೂನಿನಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಎಎಂಡಿ ರೈಜನ್ 5 5600, ಬಿ450 ಮದರ್‌ಬೋರ್ಡ್ ಮತ್ತು 16 ಜಿಬಿ ಡಿಡಿಆರ್4 ರ್‍ಯಾಮ್ ತಂದೆ. ಒಟ್ಟು ಸುಮಾರು 21,000 ರೂಪಾಯಿ. ಹಳೆಯ ಡಿಡಿಆರ್3 ರ್‍ಯಾಮ್ ಹೊಸ ಬೋರ್ಡಿಗೆ ಹೊಂದುವುದಿಲ್ಲ ಎಂಬುದನ್ನು ಲೆಕ್ಕದಲ್ಲಿ ಮರೆಯುವವರು ಅನೇಕರು. ಎಸ್‌ಎಸ್‌ಡಿ, ಗ್ರಾಫಿಕ್ಸ್ ಕಾರ್ಡ್, ಪವರ್ ಸಪ್ಲೈ ಮೂರೂ ಹಳೆಯವೇ ಉಳಿದವು.

ಅದೇ ವೀಡಿಯೊ, ಅದೇ ಸೆಟ್ಟಿಂಗ್: 13 ನಿಮಿಷ. ಇಲ್ಲಿ ಗಮನಿಸಬೇಕಾದದ್ದೆಂದರೆ, ಈ ಪ್ರೊಸೆಸರಿನ ಗರಿಷ್ಠ ವೇಗವೂ 4.4 ಗಿಗಾಹರ್ಟ್ಸೇ. ನಾನು ಹಳೆಯದನ್ನು ತಿಂಗಳುಗಟ್ಟಲೆ ಪಳಗಿಸಿ ಮುಟ್ಟಿಸಿದ ಅಂಕಿಯನ್ನು ಇದು ಮೀರುವುದೇ ಇಲ್ಲ. ವ್ಯತ್ಯಾಸವಿರುವುದು ಬೇರೆಡೆ: ನಾಲ್ಕು ಕೋರ್ ನಾಲ್ಕು ಥ್ರೆಡ್‌ಗಳ (ಏಕಕಾಲಕ್ಕೆ ನಡೆಸಬಲ್ಲ ಕೆಲಸದ ಎಳೆಗಳ) ಜಾಗದಲ್ಲಿ ಆರು ಕೋರ್ ಹನ್ನೆರಡು ಥ್ರೆಡ್, 6 ಎಂಬಿ ಎಲ್3 ಕ್ಯಾಶ್ (ಚಿಪ್ಪಿನೊಳಗಿನ ವೇಗದ ಮೆಮೊರಿ) ಜಾಗದಲ್ಲಿ 32 ಎಂಬಿ, ಪ್ರತಿ ಗಡಿಯಾರ ಬಡಿತದಲ್ಲೂ ಮುಗಿಯುವ ಹೆಚ್ಚಿನ ಕೆಲಸ, ಮತ್ತು ವೀಡಿಯೊ ಪರಿವರ್ತನೆಗೆ ಬಹಳ ನೆರವಾಗುವ, 2500ಕೆಯಲ್ಲಿ ಇಲ್ಲದ ಎವಿಎಕ್ಸ್2 ಸೂಚನೆಗಳು. ಇವುಗಳಲ್ಲಿ ಒಂದನ್ನೂ ಬಯಾಸ್‌ನಿಂದ ಏರಿಸಲಾಗದು. ಜೊತೆಗೆ ಬಂದ ಪುಟ್ಟ ಕೂಲರೇ ಇದಕ್ಕೆ ಸಾಕಾಯಿತು. ಕುತೂಹಲಕ್ಕೆ ಇದನ್ನೂ ಓವರ್‌ಕ್ಲಾಕ್ ಮಾಡಿ ನೋಡಿದೆ. ಉಳಿತಾಯವಾದದ್ದು ಅರ್ಧ ನಿಮಿಷಕ್ಕಿಂತ ಕಡಿಮೆ, ಏಕೆಂದರೆ ಈಗಿನ ಪ್ರೊಸೆಸರ್‌ಗಳು ತಮ್ಮ ಮಿತಿಯ ಸಮೀಪಕ್ಕೆ ತಾವಾಗಿಯೇ ಹೋಗುತ್ತವೆ.

ಕಂಪ್ಯೂಟರ್ ಆಟಗಳ ವಿಷಯ ಬೇರೆ. ನನ್ನ ಜಿಟಿಎಕ್ಸ್ 1060 ಗ್ರಾಫಿಕ್ಸ್ ಕಾರ್ಡೇ ಮಿತಿಯಾಗಿದ್ದುದರಿಂದ ಸೆಕೆಂಡಿಗೆ ಮೂಡುವ ಸರಾಸರಿ ಫ್ರೇಮ್‌ಗಳು (ಚಿತ್ರಗಳು) ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ನಡುನಡುವೆ ತಡೆದು ನಿಲ್ಲುವುದು ಮಾತ್ರ ಹೊಸದರಲ್ಲಿ ನಿಂತಿತು.

ಒಳ್ಳೆಯ ಕೂಲರ್ ಮತ್ತು ಝಡ್ ಸರಣಿಯ ಬೋರ್ಡ್ ಈಗಾಗಲೇ ಇದ್ದವರು ವೋಲ್ಟೇಜ್ ಮುಟ್ಟದೆ 4 ಗಿಗಾಹರ್ಟ್ಸ್ ಆಸುಪಾಸಿಗೆ ಏರಿಸಿಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ಅದು ಪುಕ್ಕಟೆಯ ಲಾಭ. ಅದಕ್ಕೆಂದೇ ಹಣ ಹಾಕುವುದು ಮಾತ್ರ ಮೂಗಿಗಿಂತ ಮೂಗುತಿ ಭಾರವಾದಂತೆ, ಮತ್ತು ಆ 3,000 ರೂಪಾಯಿಯ ಮಟ್ಟಿಗೆ ನಾನು ಮಾಡಿದ್ದೂ ಅದನ್ನೇ. ವಿಂಡೋಸ್ 11 ಇಂಟೆಲ್‌ನ ಎಂಟನೇ ಪೀಳಿಗೆಗಿಂತ ಹಳೆಯ ಬಹುತೇಕ ಪ್ರೊಸೆಸರ್‌ಗಳನ್ನು ಅಧಿಕೃತವಾಗಿ ಒಪ್ಪುವುದಿಲ್ಲ. ವಿಂಡೋಸ್ 10ರ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಾಗಾಗಿ 2500ಕೆಯನ್ನು ಮತ್ತೆ ಮೂಲ ವೇಗಕ್ಕೆ ತಂದು, ಲಿನಕ್ಸ್ ಹಾಕಿ, ಅಕ್ಕನ ಮಗಳ ಓದಿಗೆಂದು ಕೊಟ್ಟಿದ್ದೇನೆ. ಅಲ್ಲಿ ಅದರ ಫ್ಯಾನು ತಿರುಗುವುದೇ ಕೇಳಿಸುವುದಿಲ್ಲವಂತೆ.