ದತ್ತು ಪಡೆಯುವ ಕುಟುಂಬಕ್ಕಾಗಿ ಒಂದು ಭಾನುವಾರದ ಊಟ

ಅಮೆರಿಕದ ಮಧ್ಯಪಶ್ಚಿಮ ಭಾಗದಲ್ಲಿರುವ ನಮ್ಮ ಊರಿನ ಹದಿನೈದು ಕನ್ನಡ ಮನೆಗಳು ಸೇರಿ, ಕಳೆದ ಅಕ್ಟೋಬರಿನ ಒಂದು ಭಾನುವಾರ ದೇವಸ್ಥಾನದ ಸಭಾಂಗಣದಲ್ಲಿ ಸಹಾಯಾರ್ಥ ಭೋಜನವನ್ನು ಏರ್ಪಡಿಸಿದ್ದವು. ಭಾರತದಿಂದ ಮಗುವೊಂದನ್ನು ದತ್ತು ಪಡೆಯಲು ಹೊರಟಿರುವ ದಂಪತಿಗೆ ವೆಚ್ಚದ ಒಂದು ಪಾಲನ್ನಾದರೂ ಕೂಡಿಸಿಕೊಡುವುದು ಅದರ ಉದ್ದೇಶವಾಗಿತ್ತು. ಇಲ್ಲಿನ ಚರ್ಚುಗಳಲ್ಲಿ ಇದು ಹಳೆಯ ರೂಢಿ. ನೆರೆಯ ಮನೆಯವರು ದತ್ತು ಪಡೆಯುತ್ತಾರೆಂದರೆ ಯಾರೋ ಸ್ಪಗೆಟ್ಟಿ ಊಟ ಹಾಕುತ್ತಾರೆ, ಯಾರೋ ಗ್ಯಾರೇಜ್ ಸೇಲ್ ಇಡುತ್ತಾರೆ, ಮತ್ತೆ ಯಾರೋ ಟೀ ಶರ್ಟ್ ಅಚ್ಚು ಹಾಕಿಸಿ ಮಾರುತ್ತಾರೆ. ನಮ್ಮವರ ನಡುವೆ ಇಂಥ ಊಟ ನಡೆದದ್ದು, ನಾನು ಬಲ್ಲಂತೆ, ನಮ್ಮ ಊರಿನಲ್ಲಿ ಇದೇ ಮೊದಲು. ನಾನು ಅಡುಗೆಗಾಗಲಿ ಲೆಕ್ಕಕ್ಕಾಗಲಿ ಕೈ ಹಾಕಿದವಳಲ್ಲ, ಟಿಕೆಟ್ ಕೊಂಡು ಉಂಡವಳು. ಬೇರೆ ಊರುಗಳ ಕನ್ನಡಿಗರು ಇಂಥದ್ದನ್ನು ಮಾಡುವುದಾದರೆ ಯಾವುದನ್ನು ಹಾಗೆಯೇ ಎತ್ತಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ತಿಳಿಸಲು ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಮೊದಲು ಊಟದ ಮಾತು. ದೊಡ್ಡವರಿಗೆ 25 ಡಾಲರ್, ಮಕ್ಕಳಿಗೆ 10 ಡಾಲರ್. ಕೋಸಂಬರಿ, ಹುರುಳಿಕಾಯಿ ಪಲ್ಯ, ಬಿಸಿಬೇಳೆಬಾತ್, ಅನ್ನ, ತಿಳಿಸಾರು, ಹಪ್ಪಳ, ಮೊಸರನ್ನ, ಹೆಸರುಬೇಳೆ ಪಾಯಸ ಇವಿಷ್ಟೂ ಮನೆಗಳಲ್ಲಿಯೇ ತಯಾರಾಗಿದ್ದವು. ಬಿಸಿಬೇಳೆಬಾತಿನ ಪುಡಿಯನ್ನು ಒಂದೇ ಮನೆಯವರು ಹುರಿದು ಕುಟ್ಟಿ ಉಳಿದವರಿಗೆ ಹಂಚಿದ್ದರಂತೆ. ಆದ್ದರಿಂದ ನಾಲ್ಕು ಮನೆಗಳ ಪಾತ್ರೆಗಳಿಂದ ಬಂದರೂ ರುಚಿಯಲ್ಲಿ ಹೆಚ್ಚು ಕಡಿಮೆಯಿರಲಿಲ್ಲ, ಚಕ್ಕೆ ಮತ್ತು ಮರಾಠಿಮೊಗ್ಗಿನ ಘಮ ಹದವಾಗಿತ್ತು. ಪಾಯಸಕ್ಕೆ ಬೆಲ್ಲ ಸ್ವಲ್ಪ ಮುಂದಾಗಿತ್ತು. ದೊಡ್ಡ ಕೊರತೆಯೆಂದರೆ ಸಾಲು. ಬಡಿಸಲು ಒಂದೇ ಮೇಜು ಇಟ್ಟದ್ದರಿಂದ ಹನ್ನೆರಡೂವರೆಗೆ ಬಂದವರು ಅನ್ನ ಕಾಣುವಾಗ ಒಂದೂಕಾಲು ದಾಟಿತ್ತು, ಸಾರು ಅಷ್ಟರಲ್ಲಿ ಆರಿಹೋಗಿತ್ತು. ವಯಸ್ಸಾದವರನ್ನಾದರೂ ಮೊದಲ ಪಂಕ್ತಿಯಲ್ಲಿ ಕೂರಿಸಿ ಬಡಿಸಬಹುದಿತ್ತು. ಆ ಹಣಕ್ಕೆ ಊಟ ಚೆನ್ನಾಗಿಯೇ ಇತ್ತು, ಆದರೆ ಇದರ ಬೆಲೆಯನ್ನು ತಟ್ಟೆಯಲ್ಲಿದ್ದ ಪದಾರ್ಥಗಳಿಂದ ಅಳೆಯಲಾಗದು.

ನನ್ನ ಮುಂದೆ ನಿಂತಿದ್ದ ಅಜ್ಜಿಯೊಬ್ಬರು, ಮಗನ ಮನೆಗೆ ಆರು ತಿಂಗಳ ಮಟ್ಟಿಗೆ ಬಂದಿದ್ದವರು, ಟಿಕೆಟ್ ಮೇಜಿನ ಹುಡುಗಿಯನ್ನು ಕೇಳಿದರು: "ಮಗೂನ ದುಡ್ಡು ಕೊಟ್ಟು ತರೋದೇನಮ್ಮ? ನಮ್ಮ ಕಡೆ ಹಂಗೆ ಕೊಟ್ಟರೆ ಜೈಲಿಗೆ ಹಾಕ್ತಾರೆ." ಆ ಹುಡುಗಿ ಸಂಕೋಚಪಡಲಿಲ್ಲ. "ಇಲ್ಲ ಅಜ್ಜಿ, ಮಗುಗೆ ದುಡ್ಡಿಲ್ಲ. ಕಾಗದಪತ್ರಕ್ಕೆ, ಮನೆ ನೋಡೋರಿಗೆ, ಓಡಾಟಕ್ಕೆ," ಎಂದು ಹೇಳಿ, ಮೇಜಿನ ಮೇಲೆ ಇಟ್ಟಿದ್ದ ಒಂದು ಹಾಳೆಯನ್ನು ತೋರಿಸಿದಳು. ಆ ಹಾಳೆಯೇ ಈ ಕಾರ್ಯಕ್ರಮದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಮೆಚ್ಚುಗೆಯಾದ ವಸ್ತು.

ಅಜ್ಜಿಯ ಮಾತಿನಲ್ಲಿ ಸತ್ಯವಿದೆ. ಭಾರತದ 2015ರ ಬಾಲನ್ಯಾಯ ಕಾಯ್ದೆಯ 81ನೇ ಕಲಂ ಮಕ್ಕಳ ಮಾರಾಟ ಮತ್ತು ಖರೀದಿಗೆ ಐದು ವರ್ಷಗಳವರೆಗಿನ ಕಠಿಣ ಶಿಕ್ಷೆಯನ್ನು ವಿಧಿಸುತ್ತದೆ. ಆದ್ದರಿಂದಲೇ ದತ್ತು ಪ್ರಕ್ರಿಯೆಯಲ್ಲಿ ಯಾವ ಹಣ ಯಾರಿಗೆ ಏತಕ್ಕೆ ಹೋಗುತ್ತದೆ ಎಂಬುದು ಕನ್ನಡಿಯಲ್ಲಿ ಕಂಡಷ್ಟು ಸ್ಪಷ್ಟವಾಗಿರಬೇಕು. ಆ ಹಾಳೆಯಲ್ಲಿ ಅದು ಹಾಗೆಯೇ ಇತ್ತು. ಹೊರದೇಶದಲ್ಲಿರುವವರು ಭಾರತದ ಮಗುವನ್ನು ನೇರವಾಗಿ ಹೋಗಿ ದತ್ತು ಪಡೆಯಲಾಗದು. ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರ, ಅಂದರೆ ಎಲ್ಲರೂ ಕಾರಾ ಎನ್ನುವ ಸಂಸ್ಥೆ, ಮಾನ್ಯ ಮಾಡಿರುವ ಅಮೆರಿಕದ ಏಜೆನ್ಸಿಯ ಮೂಲಕ ಹೋಗಬೇಕು. ಆ ಏಜೆನ್ಸಿಯ ಸಮಾಜ ಕಾರ್ಯಕರ್ತರು ಮನೆಗೆ ಬಂದು ಹೋಮ್ ಸ್ಟಡಿ, ಅಂದರೆ ಮಗುವನ್ನು ಸಾಕಲು ಆ ಮನೆ ತಕ್ಕದ್ದೇ ಎಂಬ ಪರಿಶೀಲನೆ, ಮಾಡುತ್ತಾರೆ. ಬಳಿಕ ಹೊರದೇಶದ ಮಗುವನ್ನು ದತ್ತು ಪಡೆಯಲು ತಾವು ಅರ್ಹರೆಂದು ಒಪ್ಪಿಗೆ ಪಡೆಯಲು ಅಮೆರಿಕದ ವಲಸೆ ಇಲಾಖೆಗೆ ಐ-800ಎ ಎಂಬ ಅರ್ಜಿ ಹಾಕಬೇಕು, ಅದರ ಶುಲ್ಕವೇ 920 ಡಾಲರ್. ಈ ಅರ್ಜಿ ಹಾಕಲು ದಂಪತಿಯಲ್ಲಿ ಒಬ್ಬರಾದರೂ ಅಮೆರಿಕದ ಪ್ರಜೆಯಾಗಿರಬೇಕು. ದಾಖಲೆಗಳಿಗೆಲ್ಲ ನೋಟರಿ, ಹೊರದೇಶದಲ್ಲಿ ಅವು ನಡೆಯಲು ಬೇಕಾದ ಅಪೊಸ್ಟಿಲ್ ಎಂಬ ದೃಢೀಕರಣ ಮುದ್ರೆ. ಭಾರತದಲ್ಲಿ ಮಗುವನ್ನು ಸಾಕಿದ ದತ್ತು ಸಂಸ್ಥೆಗೆ ನಿಯಮದಂತೆ 5,000 ಡಾಲರ್. ಅಲ್ಲಿಗೆ ಹೋಗಿ ಉಳಿಯುವ ಖರ್ಚು. ಮಗುವಿನ ವೈದ್ಯಕೀಯ ತಪಾಸಣೆ, ವೀಸಾ. ಮನೆಗೆ ಕರೆತಂದ ಮೇಲೂ ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಎರಡನೆಯ ವರ್ಷ ಆರು ತಿಂಗಳಿಗೊಮ್ಮೆ ಕಳುಹಿಸಬೇಕಾದ ವರದಿಗಳು. ಹೀಗೆ ಕೂಡುತ್ತ ಹೋದರೆ ಹೊರದೇಶದಿಂದ ದತ್ತು ಪಡೆಯುವ ಅಮೆರಿಕದ ಕುಟುಂಬಗಳಿಗೆ ಸಾಮಾನ್ಯವಾಗಿ 20,000ದಿಂದ 50,000 ಡಾಲರ್‌ವರೆಗೆ ತಗಲುತ್ತದೆ. ಭಾರತದಲ್ಲಿಯೇ ವಾಸಿಸುವವರಿಗೆ ನಿಯಮಾವಳಿ ನಿಗದಿಪಡಿಸಿದ ಶುಲ್ಕ ಇದರ ಮುಂದೆ ತೀರಾ ಸಣ್ಣದು. ಹೆತ್ತವರ ಬಳಿ ಇರಲಾಗದ ಮಕ್ಕಳನ್ನು ಸರ್ಕಾರದ ಹೊಣೆಯಲ್ಲಿ ಬೇರೆ ಮನೆಗಳಲ್ಲಿ ಸಾಕುವ ಅಮೆರಿಕದ ಫಾಸ್ಟರ್ ಕೇರ್ ವ್ಯವಸ್ಥೆಯಿಂದ ದತ್ತು ಪಡೆದರೂ ಖರ್ಚು ಇಲ್ಲವೆನ್ನುವಷ್ಟು ಕಡಿಮೆ. ಹಾಗಾದರೆ ಇವರು ಆ ದಾರಿಯನ್ನೇಕೆ ಹಿಡಿಯಲಿಲ್ಲ ಎಂದು ಸಾಲಿನಲ್ಲಿ ಯಾರೋ ಕೇಳಿದ್ದು ನನ್ನ ಕಿವಿಗೆ ಬಿತ್ತು. ಅದು ಆ ದಂಪತಿ ತಮ್ಮೊಳಗೆ ನಿರ್ಧರಿಸಿಕೊಳ್ಳಬೇಕಾದ ವಿಷಯ. 25 ಡಾಲರಿನ ಟಿಕೆಟ್ ಕೊಂಡವರಿಗೆ ಅದರಲ್ಲಿ ಮಾತಿಲ್ಲ.

ಇಬ್ಬರೂ ದುಡಿಯುವ ದಂಪತಿಗೆ ಊರಿನವರ ನೆರವು ಏಕೆ ಬೇಕು ಎಂಬುದು ಇನ್ನೊಂದು ಪ್ರಶ್ನೆ, ಇದಕ್ಕೂ ಹಾಳೆಯಲ್ಲಿ ಉತ್ತರವಿತ್ತು. ಅಮೆರಿಕದ ಸರ್ಕಾರ ದತ್ತು ಪಡೆದವರಿಗೆ ತೆರಿಗೆಯಲ್ಲಿ ರಿಯಾಯಿತಿ ಕೊಡುತ್ತದೆ. 2025ನೆಯ ವರ್ಷಕ್ಕೆ ಅದರ ಗರಿಷ್ಠ ಮಿತಿ ಮಗುವೊಂದಕ್ಕೆ 17,280 ಡಾಲರ್, ಮತ್ತು ಆ ವರ್ಷದಿಂದ ಅದರಲ್ಲಿ 5,000 ಡಾಲರ್‌ವರೆಗೆ, ಕಟ್ಟಬೇಕಾದ ತೆರಿಗೆ ಅಷ್ಟಿಲ್ಲದಿದ್ದರೂ, ಕೈಗೆ ಮರಳುತ್ತದೆ. ಕೇಳಲು ದೊಡ್ಡ ಮೊತ್ತವೇ. ಆದರೆ ಹೊರದೇಶದ ಮಗುವಿನ ವಿಷಯದಲ್ಲಿ ದತ್ತು ಅಂತಿಮವಾದ ವರ್ಷದಿಂದ ಮಾತ್ರ ಈ ರಿಯಾಯಿತಿಯನ್ನು ಕೇಳಲು ಅವಕಾಶ. ಏಜೆನ್ಸಿಯಾಗಲಿ, ವಲಸೆ ಇಲಾಖೆಯಾಗಲಿ, ವಿಮಾನ ಕಂಪನಿಯಾಗಲಿ ಅಲ್ಲಿಯವರೆಗೆ ಕಾಯುವುದಿಲ್ಲ. ಹೋಮ್ ಸ್ಟಡಿಯಿಂದ ಮಗು ಮನೆಗೆ ಬರುವವರೆಗಿನ ಈ ಅವಧಿಯಲ್ಲಿ ಬೇಕಾಗುವ ಹಣಕ್ಕಾಗಿ ಜನ ಮನೆಯ ಮೇಲೆ ಸಾಲ ತೆಗೆಯುತ್ತಾರೆ, ನಿವೃತ್ತಿಯ ಉಳಿತಾಯಕ್ಕೆ ಕೈ ಹಾಕುತ್ತಾರೆ, ಇಲ್ಲವೇ ಮಗುವಿನ ಆಸೆಯನ್ನೇ ಕೈಬಿಡುತ್ತಾರೆ.

ಹಣವನ್ನು ಕೂಡಿಸಿದ ಬಗೆಯನ್ನು ಕುರಿತು ಸ್ವಲ್ಪ ವಿಸ್ತಾರವಾಗಿಯೇ ಬರೆಯಬೇಕು, ಏಕೆಂದರೆ ಈ ಊಟ ಉಳಿದ ವಿಧಾನಗಳಿಗಿಂತ ಮೇಲೆನಿಸಿದ್ದು ಇಲ್ಲಿಯೇ. ಇಂದು ಎಲ್ಲರಿಗೂ ಮೊದಲು ನೆನಪಾಗುವುದು ಜನರಿಂದ ಹಣ ಕೂಡಿಸುವ ಗೋಫಂಡ್‌ಮಿ ಎಂಬ ಜಾಲತಾಣ. ಪುಟ ತೆರೆಯುವುದು ಸುಲಭ, ಬೆಂಗಳೂರಿನ ಸೋದರಮಾವನಿಗೂ ಕೊಂಡಿ ಕಳುಹಿಸಬಹುದು. ಆದರೆ ಅಲ್ಲಿ ಪ್ರತಿ ಕೊಡುಗೆಯಿಂದ ಶೇಕಡಾ 2.9 ಮತ್ತು ಅದರ ಮೇಲೆ 30 ಸೆಂಟ್ ವಹಿವಾಟು ಶುಲ್ಕವಾಗಿ ಮುರಿದುಕೊಳ್ಳಲಾಗುತ್ತದೆ. 100 ಡಾಲರ್ ಕೊಟ್ಟವರಿಗೆ ಇದು 3 ಡಾಲರ್ 20 ಸೆಂಟ್. 10 ಡಾಲರ್ ಕೊಟ್ಟ ವಿದ್ಯಾರ್ಥಿಗೆ 59 ಸೆಂಟ್, ಎಂದರೆ ನೂರಕ್ಕೆ ಸುಮಾರು ಆರು. ಕಡಿಮೆ ಕೊಡುವವರ ಹಣವೇ ಹೆಚ್ಚು ಸವೆಯುತ್ತದೆ. ಕುಟುಂಬಕ್ಕೆ ವೈಯಕ್ತಿಕವಾಗಿ ಕೊಟ್ಟ ಉಡುಗೊರೆಯಾದ್ದರಿಂದ ದಾನಿಗೆ ತೆರಿಗೆ ವಿನಾಯಿತಿಯೂ ಇಲ್ಲ. ದತ್ತು ಕುಟುಂಬಗಳಿಗಾಗಿಯೇ ಹ್ಯಾಂಕ್ ಫೋರ್ಟ್ನರ್ ಎಂಬವರು ಆರಂಭಿಸಿದ ಅಡಾಪ್ಟ್‌ಟುಗೆದರ್ ಎಂಬ ತಾಣ ಲಾಭರಹಿತ ಸಂಸ್ಥೆ. ಅಲ್ಲಿ ಕೊಟ್ಟ ಹಣಕ್ಕೆ ವಿನಾಯಿತಿ ಪಡೆಯಬಹುದು. ನಮ್ಮ ಊಟದ ಸಂಘಟಕರು ಈ ವ್ಯತ್ಯಾಸವನ್ನು ಮುಚ್ಚಿಡಲಿಲ್ಲ. ಟಿಕೆಟ್ಟಿನ ಮೇಲೆಯೇ "ಈ ಹಣಕ್ಕೆ ತೆರಿಗೆ ವಿನಾಯಿತಿ ಇಲ್ಲ" ಎಂದು ಅಚ್ಚಾಗಿತ್ತು, ದೊಡ್ಡ ಮೊತ್ತ ಕೊಟ್ಟು ರಸೀದಿ ಬಯಸುವವರು ಲಾಭರಹಿತ ಸಂಸ್ಥೆಯ ಮೂಲಕವೇ ಕೊಡಲಿ ಎಂದೂ ಬಾಯಿಬಿಟ್ಟು ಹೇಳಿದರು. ಧರ್ಮಕಾರ್ಯದ ಹೆಸರಿನಲ್ಲಿ ಎಲ್ಲಕ್ಕೂ ವಿನಾಯಿತಿ ಸಿಗುತ್ತದೆಂದು ಬಾಯಿಮಾತಿನಲ್ಲಿ ಭರವಸೆ ಕೊಡುವವರನ್ನು ಕಂಡಿರುವ ನನಗೆ ಈ ನೇರತನ ಸಮಾಧಾನ ತಂದಿತು.

ನಗದು ಮತ್ತು ಚೆಕ್ ಮಾತ್ರ ಪಡೆದರು. ಮುಂದಿನ ಶನಿವಾರವೇ ದೇವಸ್ಥಾನದ ಸೂಚನಾ ಫಲಕದಲ್ಲಿ ಲೆಕ್ಕ ಅಂಟಿಸಿದ್ದರು: ದೊಡ್ಡವರು 180, ಮಕ್ಕಳು 40, ಊಟದಿಂದ 4,900 ಡಾಲರ್, ಮುಂದೆ ಹೇಳಲಿರುವ ಚಿತ್ರದ ತುಂಡುಗಳಿಂದ 4,120, ದಿನಸಿ ಮತ್ತು ಸಭಾಂಗಣದ ಖರ್ಚು 1,150, ಉಳಿದದ್ದು 7,870. ಆ ಹಣ ದಂಪತಿಯ ಕೈಗೆ ಹೋಗಲಿಲ್ಲ. ಏಜೆನ್ಸಿಯ ಬಿಲ್ ಬಂದಂತೆಲ್ಲ ಅದರ ಹೆಸರಿಗೇ ಚೆಕ್ ಬರೆಯುವ ಏರ್ಪಾಡಾಗಿದೆ. ದತ್ತು ನಡುವೆ ನಿಂತುಹೋದರೆ ಖರ್ಚಾಗದೆ ಉಳಿದದ್ದು ದತ್ತು ಪಡೆಯಲಿರುವ ಮತ್ತೊಂದು ಕುಟುಂಬಕ್ಕೆ ಹೋಗುತ್ತದೆಂದು ಟಿಕೆಟ್ಟಿನ ಹಿಂಬದಿಯಲ್ಲಿ ಬರೆದಿತ್ತು. ದಂಪತಿಯ ಮೇಲಿನ ಅಪನಂಬಿಕೆಯಿಂದ ಹೀಗೆ ಮಾಡಿದ್ದಲ್ಲ. ನಾಳೆ ಅವರು ಹೊಸ ಕಾರು ಕೊಂಡರೆ, ರಜೆಗೆ ಊರಿಗೆ ಹೋದರೆ "ನಮ್ಮ ದುಡ್ಡು" ಎಂದು ಯಾರೂ ಆಡಿಕೊಳ್ಳಲು ಎಡೆಯಿರಬಾರದು. ಈ ಏರ್ಪಾಡು ಅವರ ಮರ್ಯಾದೆಗೆ ಕಟ್ಟಿದ ಬೇಲಿ.

ಇನ್ನು ಆ ಚಿತ್ರ. ಅಮೆರಿಕದ ದತ್ತು ಕುಟುಂಬಗಳಲ್ಲಿ ಬಹಳ ಪ್ರಚಲಿತವಾದ ಪದ್ಧತಿಯಿದು: ಜಿಗ್ಸಾ ಪಜಲ್ ಒಂದನ್ನು ತಂದು, ಒಂದೊಂದು ತುಂಡಿಗೂ ಇಂತಿಷ್ಟೆಂದು ಹಣ ಪಡೆದು, ಕೊಟ್ಟವರ ಹೆಸರನ್ನು ತುಂಡಿನ ಹಿಂಬದಿಯಲ್ಲಿ ಬರೆದು, ಕೊನೆಗೆ ಜೋಡಿಸಿ ಮಗುವಿನ ಕೋಣೆಯಲ್ಲಿ ತೂಗುಹಾಕುತ್ತಾರೆ. ಇಲ್ಲಿ 500 ತುಂಡುಗಳ ಆನೆ ಹಿಂಡಿನ ಚಿತ್ರವಿತ್ತು, ತುಂಡಿಗೆ 10 ಡಾಲರ್. 412 ತುಂಡುಗಳು ಹೋದವು. ನಾನು ಎರಡು ಕೊಂಡೆ. ಆದರೆ ಹೆಸರು ಬರೆಯಲು ಪೆನ್ನು ಹಿಡಿದಾಗ ಕೈ ತಡೆಯಿತು. ನಮ್ಮ ಹಳ್ಳಿಯ ಮದುವೆಗಳಲ್ಲಿ ಮುಯ್ಯಿ ಬರೆಯುವ ಪುಸ್ತಕವಿರುತ್ತಿತ್ತು. ಯಾರು ಎಷ್ಟು ಕೊಟ್ಟರೆಂದು ನೋಡಿಕೊಂಡು, ಅವರ ಮನೆಯ ಮದುವೆಗೆ ಅಷ್ಟನ್ನೋ ಅದಕ್ಕಿಂತ ತುಸು ಹೆಚ್ಚನ್ನೋ ಹಿಂದಿರುಗಿಸುತ್ತಿದ್ದರು. ಮುಯ್ಯಿ ಒಳ್ಳೆಯ ಪದ್ಧತಿ, ಬಡವರ ಮನೆಯ ಮದುವೆಗಳು ಅದರಿಂದಲೇ ನಡೆದಿವೆ. ಆದರೆ ಆ ಲೆಕ್ಕ ದೊಡ್ಡವರ ನಡುವಿನದು. ಈ ಮಗು ದಿನಾ ಬೆಳಿಗ್ಗೆ ಎದ್ದು ನೋಡುವ ಗೋಡೆಯ ಮೇಲೆ ತನ್ನನ್ನು ಕರೆತರಲು ಹಣ ಕೊಟ್ಟವರ ಪಟ್ಟಿಯಿದ್ದರೆ, ತಾನು ಊರಿಗೆಲ್ಲ ಋಣಿಯೆಂಬ ಭಾವನೆ ಅದರಲ್ಲಿ ಬೆಳೆಯದೇ? ಹೆತ್ತ ಮಕ್ಕಳ ಹೆರಿಗೆಯ ಬಿಲ್ಲನ್ನು ನಾವು ಯಾರೂ ಗೋಡೆಗೆ ಅಂಟಿಸುವುದಿಲ್ಲ. ಈ ಸಂದೇಹವನ್ನು ನಾನು ತಾಯಿಯಾಗಲಿರುವ ಆಕೆಯ ಬಳಿ ಹೇಳಿದಾಗ ಆಕೆ, "ಅಕ್ಕ, ನಾವೂ ಅದನ್ನೇ ಮಾತಾಡಿಕೊಂಡಿದ್ದೀವಿ. ಹಿಂದೆ ರಟ್ಟು ಹಾಕಿ ಚೌಕಟ್ಟು ಕಟ್ಟಿಸ್ತೀವಿ, ಹೆಸರುಗಳು ಒಳಗಿರ್ತವೆ, ಮಗುಗೆ ಆನೆ ಮಾತ್ರ ಕಾಣತ್ತೆ," ಎಂದರು. ನಾನು ಒಂದು ತುಂಡಿನ ಮೇಲೆ ನನ್ನ ಹೆಸರು ಬರೆದೆ, ಇನ್ನೊಂದನ್ನು ಖಾಲಿ ಬಿಟ್ಟೆ.

ತೀವ್ರವಾದ ಆಕ್ಷೇಪಣೆ ನನಗಿರುವುದು ಒಂದೇ. ಪಾಯಸದ ಹೊತ್ತಿಗೆ ನಿರೂಪಣೆ ಮಾಡುತ್ತಿದ್ದವರು ದಂಪತಿಯನ್ನು ವೇದಿಕೆಗೆ ಕರೆದು, ಮದುವೆಯಾಗಿ ಎಷ್ಟು ವರ್ಷವಾಯಿತು, ಚಿಕಿತ್ಸೆಯೆಲ್ಲ ಆಯಿತೇ ಎಂದು ಮೈಕಿನಲ್ಲಿಯೇ ಕೇಳಿಬಿಟ್ಟರು. ಅವರಿಗೆ ಕೆಟ್ಟ ಉದ್ದೇಶವಿರಲಿಲ್ಲ, ಕೇಳಿದವರ ಮನ ಕರಗಲಿ ಎಂದಿರಬೇಕು. ಆಕೆಯ ಮುಖ ಬಾಡಿದ್ದನ್ನು ಮುಂದಿನ ಸಾಲಿನಲ್ಲಿದ್ದ ನಾವೆಲ್ಲರೂ ಕಂಡೆವು. ಪತಿ ಮೈಕನ್ನು ಮೆಲ್ಲಗೆ ತೆಗೆದುಕೊಂಡು ಎಲ್ಲರಿಗೂ ವಂದನೆ ಹೇಳಿ ಇಳಿದರು. ನೆರವು ಪಡೆಯುವವರು ತಮ್ಮ ನೋವನ್ನು ಬಿಚ್ಚಿ ತೋರಿಸಬೇಕೆಂಬ ನಿರೀಕ್ಷೆಯೇ ತಪ್ಪು. ಮುಂದೆ ಇಂಥ ಊಟ ನಡೆದರೆ ದಂಪತಿಯನ್ನು ವೇದಿಕೆಗೆ ಕರೆಯುವುದೇ ಬೇಡ; ಅವರು ಎಲ್ಲರೊಡನೆ ಕುಳಿತು ಉಣ್ಣಲಿ.

ಮಗುವಿನ ವಿಷಯದಲ್ಲಿ ಮಾತ್ರ ಸಂಘಟಕರು ಬಹಳ ಎಚ್ಚರ ವಹಿಸಿದ್ದರು. ಮಗುವಿನ ಚಿತ್ರವಿರಲಿಲ್ಲ, ಹೆಸರಿರಲಿಲ್ಲ, ಯಾವ ಊರಿನ ಯಾವ ಸಂಸ್ಥೆಯೆಂಬ ಸುಳಿವೂ ಇರಲಿಲ್ಲ. ಬೇರೊಂದು ಊರಿನ ಪರಿಚಿತರು ಹೀಗೆಯೇ ಹಣ ಕೂಡಿಸುವಾಗ, ತಮಗೆ ತೋರಿಸಲಾದ ಮಗುವಿನ ಫೋಟೋವನ್ನು ವಾಟ್ಸಾಪ್ ಗುಂಪುಗಳಿಗೆಲ್ಲ ಕಳುಹಿಸಿದ್ದು ನನ್ನ ಫೋನಿಗೂ ಬಂದಿತ್ತು. ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಕ್ಕಳ ಗುರುತನ್ನು ಬಹಿರಂಗಪಡಿಸುವುದನ್ನು ನಿಷೇಧಿಸುತ್ತದೆ, ಆರು ತಿಂಗಳವರೆಗಿನ ಸೆರೆವಾಸ ಇಲ್ಲವೇ ಎರಡು ಲಕ್ಷ ರೂಪಾಯಿವರೆಗಿನ ದಂಡ ಅಥವಾ ಎರಡನ್ನೂ ವಿಧಿಸಲು ಅದರಲ್ಲಿ ಅವಕಾಶವಿದೆ. ಕಾನೂನನ್ನು ಬದಿಗಿಟ್ಟು ನೋಡಿದರೂ, ಇನ್ನೂ ಯಾರ ಮಡಿಲನ್ನೂ ಸೇರದ ಮಗುವಿನ ಮುಖವನ್ನು ಹಣ ಕೇಳುವ ಚೀಟಿಯನ್ನಾಗಿ ಮಾಡುವುದು ನನಗೆ ಸಹಿಸಲಾಗದ ಸಂಗತಿ. ನಮ್ಮ ಸಭಾಂಗಣದ ಬಾಗಿಲಲ್ಲಿ ಇದ್ದದ್ದು ಆನೆಯ ಚಿತ್ರ ಮತ್ತು ಖರ್ಚಿನ ಹಾಳೆ ಮಾತ್ರ, ಅಷ್ಟರಿಂದಲೇ ಜನ ಕೊಟ್ಟರು.

ಇದೇ ಮನೆಗಳು ಬರುವ ವಸಂತದಲ್ಲಿ ಇನ್ನೊಂದು ಕುಟುಂಬಕ್ಕಾಗಿ ಊಟ ಹಾಕಲಿವೆ ಎಂದು ತಿಳಿದಿದೆ. ನಾನು ಮತ್ತೆ ಹೋಗುತ್ತೇನೆ, ಈ ಬಾರಿ ಬಡಿಸಲು ಕೂಡ ಹೆಸರು ಕೊಟ್ಟಿದ್ದೇನೆ. ಬಡಿಸುವ ಮೇಜು ಎರಡಾಗಲಿ, ಅಜ್ಜ ಅಜ್ಜಿಯರಿಗೆ ಮೊದಲ ಪಂಕ್ತಿಯಿರಲಿ, ಖರ್ಚಿನ ಹಾಳೆಯನ್ನು ದೊಡ್ಡ ಅಕ್ಷರಗಳಲ್ಲಿ ಬರೆಯಿಸಲಿ ಎಂದು ಸಂಘಟಕರಿಗೆ ತಿಳಿಸಿದ್ದೇನೆ. ಹೋಗುವವರು ಹನ್ನೆರಡಕ್ಕೆ ಮುಂಚೆಯೇ ತಲುಪುವುದು ಒಳ್ಳೆಯದು, ನಗದನ್ನೋ ಚೆಕ್ಕನ್ನೋ ಜೊತೆಗಿಟ್ಟುಕೊಳ್ಳಿ, ಕಾರ್ಡ್ ನಡೆಯುವುದಿಲ್ಲ.