ಮನೆ ಕಟ್ಟುವ ಸೇವೆ: ಒಂದು ವಾರ ಹೋಗೋದಾ, ಶನಿವಾರ ಶನಿವಾರ ಹೋಗೋದಾ?

2019ರ ಆಗಸ್ಟ್‌ನಲ್ಲಿ ಮಲಪ್ರಭಾ ಉಕ್ಕಿ ನರಗುಂದ ತಾಲ್ಲೂಕಿನ ಕೊಣ್ಣೂರು ಕಡೆ ಮನೆಗಳು ಬಿದ್ದವು. ಹುಬ್ಬಳ್ಳಿ ಚರ್ಚಿನ ಯುವಕರು ಅಂಥ ಊರಲ್ಲಿ ಮನೆ ಕಟ್ಟಿಕೊಡಬೇಕು ಅಂದ್ರೆ ಎರಡು ದಾರಿ ಇವೆ.

ಒಂದು ವಾರದ ತಂಡಕ್ಕೆ ಕೈಗಳೇ ಬಲ. ಪಾಯ ಅಗೆಯೋದು, ಇಟ್ಟಿಗೆ ಹೊರೋದು ಬೇಗ ಮುಗಿಯುತ್ತದೆ. ಅಲ್ಲೇ ಉಳಿದು ಮನೆಯವರ ಜೊತೆ ರೊಟ್ಟಿ ತಿಂದರೆ ಅವರ ಕಷ್ಟವೂ ಸರಿಯಾಗಿ ಅರ್ಥವಾಗುತ್ತದೆ. ಇದು ಸಣ್ಣ ಲಾಭವಲ್ಲ.

ಆದರೆ ಅಲ್ಲಿರೋದು ಎರೆ ಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಪಾಯ ಆಳವಾಗಿ ಹಾಕದಿದ್ದರೆ ಗೋಡೆ ಸೀಳುತ್ತದೆ. ಸ್ಲ್ಯಾಬ್ ಹಾಕಿದ ಮೇಲೂ ಕಡಿಮೆ ಅಂದ್ರೆ 7 ದಿನ ಅದರ ಮೇಲೆ ನೀರು ನಿಲ್ಲಿಸಬೇಕು. ಅಷ್ಟೊತ್ತಿಗೆ ತಂಡ ವಾಪಸ್ ಹೊರಟಿರುತ್ತದೆ. ನೀರು ಹಾಕೋರು ಯಾರು?

ಶನಿವಾರದ ಕೆಲಸ ನಿಧಾನ, ಬಸ್ ಖರ್ಚೂ ಜಾಸ್ತಿ. ಆದರೂ ನನಗೆ ಇದೇ ಸರಿ ಅನಿಸುತ್ತದೆ. ಊರಿನ ಗೌಂಡಿಗೆ ಪೂರ್ತಿ ಕೂಲಿ ಸಿಗುತ್ತದೆ, ನೀವು ಅವರ ಕೈಕೆಳಗೆ ಗಾರೆ ಕಲಸುತ್ತೀರಿ. ಬಿರುಕು ಬಿಟ್ಟರೆ ಮುಂದಿನ ವಾರವೇ ಗೊತ್ತಾಗುತ್ತದೆ.

ಕಾಲೇಜು ರಜೆ ಬಿಟ್ಟು ಬೇರೆ ಬಿಡುವೇ ಇಲ್ಲದವರು ವಾರವೇ ಹೋಗಿ. ಹೊರಡೋ ಮೊದಲು ಗೌಂಡಿಗೆ ಫೋನ್ ಮಾಡಿ, ಆ ವಾರ ಯಾವ ಕೆಲಸಕ್ಕೆ ಜನ ಬೇಕು ಅಂತ ಕೇಳಿಕೊಳ್ಳಿ.