ವರ್ಕ್‌ಶಾಪ್, ವಿಡಿಯೋ, ಪಕ್ಕದ ಕುರ್ಚಿ: ಮೇಷ್ಟ್ರುಗಳಿಗೆ ಟೆಕ್ನಾಲಜಿ ಹೇಳ್ಕೊಡೋಕೆ ಯಾವುದು ವಾಸಿ?

ತುಮಕೂರಿನ ಒಂದು ಡಿಗ್ರಿ ಕಾಲೇಜಲ್ಲಿ ಕಾಮರ್ಸ್ ಪಾಠ ಮಾಡ್ತೀನಿ. ಕಂಪ್ಯೂಟರ್ ಸ್ವಲ್ಪ ಗೊತ್ತು ಅಂತ ಪ್ರೊಜೆಕ್ಟರ್ ಕೈಕೊಟ್ರೂ ನನ್ನೇ ಕರೀತಾರೆ, ಗೂಗಲ್ ಕ್ಲಾಸ್‌ರೂಮ್ ಪಾಸ್‌ವರ್ಡ್ ಮರ್ತೋದ್ರೂ ನನ್ನೇ ಕರೀತಾರೆ. ಹಂಗಾಗಿ ಸ್ಟಾಫ್‌ಗೆ ಇದನ್ನೆಲ್ಲ ಕಲಿಸೋಕೆ ಇರೋ ಮೂರು ದಾರೀನೂ ನೋಡಿದೀನಿ, ಒಂದಿನದ ವರ್ಕ್‌ಶಾಪು, ಆನ್‌ಲೈನ್ ಕೋರ್ಸು ವಿಡಿಯೋಗಳು, ಆಮೇಲೆ ಪಕ್ಕದಲ್ಲಿ ಕುರ್ಚಿ ಹಾಕ್ಕೊಂಡು ಕೂತು ಹೇಳ್ಕೊಡೋದು. ನನ್ ಓಟು ಮೂರನೇದಕ್ಕೆ, ಆದ್ರೆ ಅದಕ್ಕೂ ಕಂಡೀಶನ್ ಇದೆ.

ವರ್ಕ್‌ಶಾಪ್ ಕಥೆ ನಿಮಗೂ ಗೊತ್ತಿರತ್ತೆ. ಬೆಂಗಳೂರಿಂದ ರಿಸೋರ್ಸ್ ಪರ್ಸನ್ ಬರ್ತಾರೆ, ಪ್ರಾರ್ಥನೆ, ದೀಪ, ಸ್ವಾಗತ, ಶಾಲು ಎಲ್ಲ ಮುಗಿಯೋ ಹೊತ್ತಿಗೆ ಹನ್ನೊಂದೂವರೆ, ಆಮೇಲೆ ಮೂಡಲ್, ಕಹೂಟ್, ಪ್ಯಾಡ್ಲೆಟ್, ಕ್ಯಾನ್ವಾ ಅಂತ ಪಾಠಕ್ಕೆ ಬಳಸೋ ಆಪ್‌ಗಳನ್ನ ಒಂದರ ಹಿಂದೆ ಒಂದು ತೋರಿಸ್ತಾ ಹೋಗ್ತಾರೆ, ನೋಡೋವಾಗ ಎಲ್ಲಾ ಸಲೀಸು ಅನ್ಸತ್ತೆ. ಊಟ ಆದ್ಮೇಲೆ ಹ್ಯಾಂಡ್ಸ್-ಆನ್ ಅಂತಾರೆ, ಅಷ್ಟೂ ಜನ ಒಂದೇ ವೈಫೈಗೆ ಬಿದ್ರೆ ಅದು ಉಸಿರೇ ಎತ್ತಲ್ಲ. ಸಾಯಂಕಾಲ ಸರ್ಟಿಫಿಕೇಟು, ಗ್ರೂಪ್ ಫೋಟೋ, ಕಾಲೇಜಿಗೆ ಗ್ರೇಡ್ ಕೊಡೋ ನ್ಯಾಕ್‌ನ ಫೈಲಿಗೆ ಒಂದು ವರದಿ.

ಪೂರ್ತಿ ದಂಡ ಅಂತ ಹೇಳಲ್ಲ. ಇಂಥದ್ದೊಂದು ಇದೆ ಅಂತ ಗೊತ್ತಾಗೋಕೆ ವರ್ಕ್‌ಶಾಪೇ ಸರಿ, ಪ್ರಿನ್ಸಿಪಾಲ್ರು ಮುಂದಿನ ಸಾಲಲ್ಲಿ ಕೂತು ನೋಡಿದ್ರೆ ಆಮೇಲೆ ಹೊಸ ಪ್ರೊಜೆಕ್ಟರ್ ಕೇಳೋದೂ ಸುಲಭ. ಆದ್ರೆ ಮಾರನೇ ದಿನ ಯಾರೂ ಏನೂ ಶುರು ಮಾಡಲ್ಲ. ಮೂಡಲ್ಲನ್ನೇ ತಗೊಳ್ಳಿ, ನೋಟ್ಸು ಟೆಸ್ಟು ಎಲ್ಲ ಆನ್‌ಲೈನಲ್ಲಿ ಕೊಡೋ ಸಾಫ್ಟ್‌ವೇರು, 2002ರಿಂದ ಇದೆ, ಫ್ರೀ, ಓಪನ್ ಸೋರ್ಸು, ಕ್ವಿಜ್‌ಗೆ ಪ್ರಶ್ನೆ ಕೂಡಿಡೋ ಕೊಶ್ಚನ್ ಬ್ಯಾಂಕ್ ವಿಷಯಕ್ಕೆ ಬಂದ್ರೆ ಗೂಗಲ್ ಕ್ಲಾಸ್‌ರೂಮ್ ಅದರ ಹತ್ರಾನೂ ಬರಲ್ಲ. ಆದ್ರೆ ಅದನ್ನ ಕೂರಿಸೋಕೆ ಸರ್ವರ್ ಬೇಕು, ಅಪ್‌ಡೇಟು ಬ್ಯಾಕಪ್ಪು ನೋಡ್ಕೊಳ್ಳೋಕೆ ಒಬ್ಬ ಮನುಷ್ಯ ಬೇಕು. ಆ ಮನುಷ್ಯ ಯಾರು ಅನ್ನೋದು ಯಾವ ಪಿಪಿಟಿಲೂ ಇರಲ್ಲ.

ಆನ್‌ಲೈನ್ ಕೋರ್ಸ್‌ಗಳಿಗೆ ಬರೋಣ. 2017ರಲ್ಲಿ ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸ್ ತಾಣ ಸ್ವಯಂ ಬಂತು, 2018ರಲ್ಲಿ ಮೇಷ್ಟ್ರುಗಳಿಗೇ ಅಂತ ಅರ್ಪಿತ್ ಬಂತು, 40 ಗಂಟೆ ಕೋರ್ಸು, ಪ್ರಮೋಷನ್‌ಗೆ ರಿಫ್ರೆಶರ್ ಕೋರ್ಸ್ ಲೆಕ್ಕಕ್ಕೆ ಬರತ್ತೆ ಅಂತ ತುಂಬ ಜನ ಸೇರಿದ್ರು. ವಿಷಯ ಗಟ್ಟಿ ಇತ್ತು, ಅದರಲ್ಲಿ ಎರಡು ಮಾತಿಲ್ಲ, ಆದ್ರೆ ವಿಡಿಯೋ ಓಡಿಸಿಟ್ಟು ಪಕ್ಕದಲ್ಲಿ ಪೇಪರ್ ತಿದ್ದೋರನ್ನೂ ನೋಡಿದೀನಿ. ನನಗೆ ನಿಜವಾಗ್ಲೂ ಇಷ್ಟ ಆಗಿದ್ದು ಐಐಟಿ ಬಾಂಬೆಯವರ ಸ್ಪೋಕನ್ ಟ್ಯುಟೋರಿಯಲ್. ಹತ್ತು ನಿಮಿಷದ ಆಸುಪಾಸಿನ ವಿಡಿಯೋಗಳು, ಲಿಬ್ರೆಆಫೀಸ್ ಥರದ್ದು ಕನ್ನಡದಲ್ಲೂ ಸಿಗತ್ತೆ, ಸ್ಕ್ರೀನಿನ ಒಂದು ಅರ್ಧದಲ್ಲಿ ವಿಡಿಯೋ ಇನ್ನೊಂದರ್ಧದಲ್ಲಿ ಸಾಫ್ಟ್‌ವೇರ್ ಇಟ್ಕೊಂಡು ನಿಲ್ಲಿಸಿ ನಿಲ್ಲಿಸಿ ಮಾಡ್ತಾ ಹೋಗ್ಬೇಕು ಅನ್ನೋದೇ ಅದರ ಕ್ರಮ. ಆ ಕ್ರಮ ಬಿಟ್ಟು ಬಸ್ಸಲ್ಲಿ ಮೊಬೈಲಲ್ಲಿ ನೋಡಿದ್ರೆ ಏನೂ ತಲೆಗೆ ಹತ್ತಲ್ಲ. ವಿಡಿಯೋದ ಇನ್ನೊಂದು ತೊಂದರೆ ಅಂದ್ರೆ ನಮ್ಮ ಡೌಟ್ ಅದರಲ್ಲಿ ಇರಲ್ಲ.

ನಮ್ಮ ಕನ್ನಡ ಮೇಡಂ ವಿಷಯನೇ ಹೇಳ್ತೀನಿ. ವರ್ಷಗಟ್ಟಲೆಯ ಪ್ರಶ್ನೆಪತ್ರಿಕೆ, ನೋಟ್ಸ್ ಎಲ್ಲಾ ವರ್ಡಲ್ಲಿ ನುಡಿ (ಕನ್ನಡ ಟೈಪಿಂಗ್ ಸಾಫ್ಟ್‌ವೇರ್) ಫಾಂಟಲ್ಲಿ ಇಟ್ಕೊಂಡಿದಾರೆ. ವರ್ಕ್‌ಶಾಪಿಂದ ಬಂದವ್ರೇ ಉತ್ಸಾಹದಲ್ಲಿ ಗೂಗಲ್ ಫಾರ್ಮ್ ತೆಗೆದು ಪ್ರಶ್ನೆ ಪೇಸ್ಟ್ ಮಾಡಿದ್ರೆ ಇಂಗ್ಲಿಷ್ ಅಕ್ಷರಗಳಿಗೆ ಟೋಪಿ ಬಾಲ ಹಾಕಿದಂಗೆ ಏನೋ ಬಂತು. "ನೋಡಿ ಸರ್, ಈ ಗೂಗಲ್ಲಿಗೆ ಕನ್ನಡ ಬರಲ್ಲ" ಅಂದ್ರು. ಪಕ್ಕದಲ್ಲಿ ಕೂತೆ. ಹಳೇ ನುಡಿ ಫಾಂಟಲ್ಲಿ ಕನ್ನಡ ಕಾಣೋದು ಆ ಫಾಂಟ್ ಇದ್ದಾಗ ಮಾತ್ರ, ಒಳಗಿರೋ ಕೋಡು ಬೇರೆ, ಅದಕ್ಕೇ ಬ್ರೌಸರಲ್ಲಿ ಹಂಗೆ ಕಾಣತ್ತೆ ಮೇಡಂ ಅಂದೆ. ಕನ್ವರ್ಟರಲ್ಲಿ ಹಾಕಿ ಎಲ್ಲಾ ಕಡೆ ಕನ್ನಡವಾಗೇ ಕಾಣೋ ಯೂನಿಕೋಡ್ ಮಾಡಿಸ್ದೆ, ಅಲ್ಲಲ್ಲಿ ಅರ್ಕಾವತ್ತು ಎಡವಟ್ಟಾಗಿತ್ತು, ಅದನ್ನ ಅವ್ರೇ ಕಣ್ಣಾಡಿಸಿ ತಿದ್ಕೊಂಡ್ರು. ಹೊಸ ನುಡೀಲಿ ಯೂನಿಕೋಡ್ ಆನ್ ಮಾಡ್ಕೊಂಡ್ರೆ ಕೀಬೋರ್ಡ್ ಅದೇ, ಬೆರಳಿಗೆ ಹೊಸದೇನೂ ಕಲಿಸ್ಬೇಕಾಗಿಲ್ಲ ಅಂದಾಗ್ಲೇ ಅವ್ರ ಮುಖ ಸಡಿಲ ಆಗಿದ್ದು. ಆಮೇಲೆ ಸೆಟ್ಟಿಂಗ್ಸಲ್ಲಿ ಕ್ವಿಜ್ ಆನ್, ಆನ್ಸರ್ ಕೀ, ಅಂಕ ಸೀದಾ ಶೀಟಿಗೆ. ಈಗ ನಮ್ಮಲ್ಲಿ ಅತಿ ಹೆಚ್ಚು ಟೆಸ್ಟ್ ಆನ್‌ಲೈನಲ್ಲಿ ಮಾಡೋದು ಅವ್ರೇ.

ಪಕ್ಕದ ಕುರ್ಚಿಗೆ ಬಿಸಿಎ ಹುಡುಗರನ್ನೂ ಕೂರಿಸಿ ನೋಡಿದ್ವಿ. ಹುಡುಗ್ರು ಚುರುಕು, ಮೇಷ್ಟ್ರಿಗೆ ಮರ್ಯಾದೆನೂ ಕೊಡ್ತಾರೆ, ಆದ್ರೆ ಎರಡು ನಿಮಿಷಕ್ಕೆ ತಾಳ್ಮೆ ಕೆಟ್ಟು "ಕೊಡಿ ಸರ್ ನಾನೇ ಮಾಡ್ತೀನಿ" ಅಂತ ಮೌಸ್ ಇಸ್ಕೊಂಡು ಟಕಟಕ ಮುಗಿಸ್ಬಿಡ್ತಾರೆ. ಕೆಲಸ ಆಯ್ತು, ಕಲಿಕೆ ಇಲ್ಲ. ಅದಕ್ಕೇ ಒಂದು ರೂಲ್ ಮಾಡ್ದೆ, ಮೌಸ್ ಯಾವಾಗ್ಲೂ ಕಲಿಯೋರ ಕೈಯಲ್ಲೇ ಇರ್ಬೇಕು, ಹೇಳ್ಕೊಡೋರು ಬಾಯಿ ಮಾತ್ರ ಉಪಯೋಗಿಸ್ಬೇಕು.

ಇನ್ನು ಕಂಡೀಶನ್. ಒಂದು, ಇದು ಟೈಮ್ ತಿಂತದೆ. ಒಬ್ರಿಗೆ ಅರ್ಧ ಗಂಟೆ ಅಂದ್ರೂ ಇಡೀ ಸ್ಟಾಫ್‌ಗೆ ಎಷ್ಟಾಯ್ತು ಲೆಕ್ಕ ಹಾಕಿ. ಎರಡು, ಕೈಹಿಡಿದು ಕಲಿಸಿದ ಅತಿಥಿ ಉಪನ್ಯಾಸಕರು ಮುಂದಿನ ವರ್ಷ ಪಾವಗಡದಲ್ಲೋ ತಿಪಟೂರಲ್ಲೋ ಇರ್ತಾರೆ, ಅವ್ರು ಸ್ವಂತ ಜಿಮೇಲಲ್ಲಿ ಮಾಡಿದ್ದ ಕ್ಲಾಸ್‌ರೂಮೂ ಅವ್ರ ಜೊತೇಲೇ ಹೋಗತ್ತೆ. ಹಂಗಾಗಿ ಕಾಲೇಜಿನ ಹೆಸರಲ್ಲೇ ಐಡಿ ಕೊಡ್ಬೇಕು, ಗೆಸ್ಟ್‌ಗಳಿಗೂ. ಮೂರು, ಕೂತು ಹೇಳ್ಕೊಟ್ಟಿದ್ದು ಎಲ್ಲೂ ದಾಖಲಾಗಲ್ಲ, ಫೋಟೋ ಇಲ್ಲ ಸರ್ಟಿಫಿಕೇಟ್ ಇಲ್ಲ, ಸೋ ಮೇಲಿನವ್ರ ಲೆಕ್ಕದಲ್ಲಿ ಅದು ನಡೆದೇ ಇಲ್ಲ. ಈಗ ಕೂತು ಹೇಳ್ಕೊಟ್ಟ ಮೇಲೆ ಅದನ್ನೇ ಚಿಕ್ಕ ಸ್ಕ್ರೀನ್ ರೆಕಾರ್ಡಿಂಗ್ ಮಾಡಿ ಸ್ಟಾಫ್ ವಾಟ್ಸಾಪ್ ಗ್ರೂಪಿಗೆ ಹಾಕ್ತೀನಿ, ಎರಡನೇ ಸಲ ಮರೆತೋರಿಗೆ ಅದು ಸಾಕಾಗತ್ತೆ.

ಅಸಿಸ್ಟೆಂಟ್ ಪ್ರೊಫೆಸರ್‌ಗೆ ಯುಜಿಸಿ ಹೇಳೋ ವಾರದ 16 ಗಂಟೆ ಪಾಠದಲ್ಲಿ ಈ ಕೂರೋ ಕೆಲಸಕ್ಕೂ ಒಂದು ಗಂಟೆ ಲೆಕ್ಕ ಕೊಡಿ ಅಂತ ಪ್ರಿನ್ಸಿಪಾಲ್ರನ್ನ ಕೇಳಿದೀನಿ. "ನೋಡೋಣ" ಅಂದಿದಾರೆ. ನಿಮ್ಮ ಕಾಲೇಜಲ್ಲಿ ಯಾರಾದ್ರೂ ಹಂಗೆ ಕೊಟ್ಟಿದ್ರೆ ಆ ಆರ್ಡರ್ ಕಾಪಿ ಒಂದು ಕಳಿಸಿ ಸ್ವಾಮಿ, ನೋಡೋಣ ಅನ್ನೋರಿಗೆ ತೋರ್ಸೋಕೆ ಬೇಕು.